ಡಬ್ಬಿಯೊಳಗೆ ಏನೂ ಇಲ್ಲ

ನನಗೂ ನೆಮ್ಮದಿಗೂ ಎಣ್ಣೆ ಸೀಗೇಕಾಯಿ. ಕಾರವಾರದ ಆಸ್ಪತ್ರೆಯಲ್ಲಿ ಕೂತರೆ ಅಂಕೋಲಾ ಶಾಖೆಯಿಂದ ಫೋನು, ಅಂಕೋಲಾದಲ್ಲಿ ಬಸ್ಸಿಳಿದರೆ ಕಾರವಾರದಿಂದ ಫೋನು. ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವನ ಬದುಕೇ ಇಷ್ಟು. ಹಳೆಯ ಕಂಪ್ಯೂಟರು ತೆಗೆಸಿ ಟೇಬಲ್ಲಿಗೊಂದು ಸಣ್ಣ ಡಬ್ಬಿ ಇಡಿಸಿದ ಮೇಲಂತೂ ದಿನಕ್ಕೊಂದು ರಾಮಾಯಣ.

ಡಬ್ಬಿಯ ಗುಣ ಸರಳ. ರೋಗಿಗಳ ಫೈಲೆಲ್ಲ ಕಾರವಾರದ ಸರ್ವರ್ ಕೋಣೆಯಲ್ಲಿ; ಡಬ್ಬಿಯಲ್ಲಿ ಏನೂ ಉಳಿಯುವುದಿಲ್ಲ. ಗುರುತಿನ ಕಾರ್ಡ್ ತೂರಿಸಿದರೆ ಆ ಕಾರ್ಡಿನವರ ಪರದೆ ತೆರೆಯುತ್ತದೆ, ತೆಗೆದರೆ ಮುಚ್ಚುತ್ತದೆ. ಎಷ್ಟು ಹೇಳಿದರೂ ಆಸ್ಪತ್ರೆಯ ಯಜಮಾನರಾದ ಹಿರಿಯ ಡಾಕ್ಟರಿಗೆ ನಂಬಿಕೆ ಇಲ್ಲ.

"ಒಂದು ರಿಪೋರ್ಟ್ ಹೊರಗೆ ಹೋದ್ರೂ ಡಬ್ಬಿ ಸಂಗಡ ನೀನೂ ಹೊರಗೆ" ಎಂದು ಮೊದಲ ದಿನವೇ ಹೇಳಿದ್ದರು.

ಚಾನೆಲ್ ಬಾರದ ಡಬ್ಬಿ

ಒಂದು ಬೆಳಿಗ್ಗೆ ವಾರ್ಡಿನ ಡಬ್ಬಿಯೇ ಮಾಯ. ಊರವರ ರೋಗವೆಲ್ಲ ಬೀದಿಗೆ ಬಿತ್ತೆಂದು ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತರು. ಅದರಲ್ಲಿ ಏನೂ ಇಲ್ಲ ಎನ್ನುತ್ತ ನಾನು ಕಾರಿಡಾರಿನಲ್ಲಿ ಶತಪಥ ಹಾಕಿದೆ.

ಮರುದಿನ ಮಾಜಾಳಿಯವನೊಬ್ಬ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದ. ಡಿಸ್ಚಾರ್ಜ್ ಆದ ರೋಗಿಯೊಬ್ಬರ ಭಾವ. ಟಿವಿಗೆ ಹಾಕುವ ಡಬ್ಬಿ ಎಂದುಕೊಂಡು ಒಯ್ದಿದ್ದನಂತೆ. ನಾಚಿಕೆ ಹಾಗಿರಲಿ, ಮುಖದಲ್ಲಿ ಮೋಸಹೋದವನ ಸಿಟ್ಟು.

"ಎಂಥ ಡಬ್ಬಿ ಇಟ್ಕಂಡೀರಿ? ಎಷ್ಟ್ ವೈರ್ ಸಿಗ್ಸಿದ್ರೂ ಒಂದ್ ಚಾನೆಲೂ ಬರೂದಿಲ್ಲ. ಒಳಗೆ ಏನೂ ಇಲ್ಲ."

ನಾನು ವಾರಗಟ್ಟಲೆ ಹೇಳಿದರೂ ನಂಬದ ಡಾಕ್ಟರು ಕಳ್ಳನ ಮಾತನ್ನು ಕೂಡಲೇ ನಂಬಿದರು.

ಹಿಂದೆಯೇ ಬಂದ ಪರದೆ

ಡಬ್ಬಿಗೆ ಇನ್ನೊಂದು ಗುಣವಿದೆ. ಕಾರವಾರದಲ್ಲಿ ಅರ್ಧಕ್ಕೆ ಬಿಟ್ಟ ಕೆಲಸ ಅಂಕೋಲಾದಲ್ಲಿ ಬಿಟ್ಟಲ್ಲಿಂದಲೇ ತೆರೆದುಕೊಳ್ಳುತ್ತದೆ. ಡಾಕ್ಟರು ಬೆಳಿಗ್ಗೆ ಅಲ್ಲಿ, ಮಧ್ಯಾಹ್ನ ಇಲ್ಲಿ, ಅವರಿಗೆಂದೇ ಮಾಡಿಸಿದ್ದು.

ಒಂದು ಮಧ್ಯಾಹ್ನ ಅಂಕೋಲಾ ಶಾಖೆಗೆ ಮಂಜಗುಣಿಯ ಅಜ್ಜನೊಬ್ಬ ಮಂಡಿ ಹಿಡಿದುಕೊಂಡು ಬಂದ. ಎಕ್ಸ್‌ರೇ ತೋರಿಸುತ್ತೇನೆಂದು ಡಾಕ್ಟರು ಪರದೆಯನ್ನು ಅವನ ಕಡೆ ತಿರುಗಿಸಿ ಕಾರ್ಡ್ ತೂರಿಸಿದರು. ಬಂದದ್ದು ಎಕ್ಸ್‌ರೇ ಅಲ್ಲ, ಬೆಳಿಗ್ಗೆ ಕಾರವಾರದಲ್ಲಿ ರೋಗಿಗಳಿಲ್ಲದ ಹೊತ್ತಿನಲ್ಲಿ ಆಡುತ್ತ ಬಿಟ್ಟಿದ್ದ ಇಸ್ಪೀಟು. ಡಾಕ್ಟರು ಮೌಸಿಗಾಗಿ ತಡಕಾಡುವಷ್ಟರಲ್ಲಿ ಅಜ್ಜ ಮುಂದಕ್ಕೆ ಬಾಗಿದ್ದ.

"ಮಂಡಿ ಆಮೇಲೆ ನೋಡ್ವಾ ಡಾಕ್ಟ್ರೇ. ಮೊದ್ಲು ಆ ಕೆಂಪು ಒಂಬತ್ತು ತೆಗ್ದು ಕರಿ ಹತ್ತರ ಮೇಲೆ ಹಾಕಿ."

ಸೋರಿಹೋದ ಗುಟ್ಟು

ನನ್ನ ಮೇಲೆ ಇಸ್ಪೀಟಿನ ಸಿಟ್ಟು ಆರುವ ಮೊದಲೇ, ಮಾವಿನ ಕಾಲದಲ್ಲಿ, ಡಾಕ್ಟರು ತಮ್ಮ ರಕ್ತವನ್ನೇ ಪರೀಕ್ಷೆಗೆ ಕೊಟ್ಟರು. ರಿಪೋರ್ಟು ಬಂದ ಮೇಲೆ ನನ್ನನ್ನು ಕರೆದು, ಇದು ಬೇರೆ ಯಾರಿಗೂ ಕಾಣುವುದಿಲ್ಲವಷ್ಟೇ ಎಂದು ಮತ್ತೆ ಮತ್ತೆ ಕೇಳಿದರು. ಅದೇ ಸಂಜೆ ಅವರ ಹೆಂಡತಿ ಬಂದರು.

"ತಮಾ, ಅವ್ರ ಶುಗರ್ ಎಷ್ಟದೆ, ನೋಡಿ ಹೇಳು."

ಡಾಕ್ಟರ ಕಾರ್ಡಿಲ್ಲದೆ ನನಗೂ ತೆರೆಯುವುದಿಲ್ಲ ಎಂದೆ. ಆಯ್ತು ಬಿಡು ಎಂದು ನಕ್ಕು ಹೋದರು. ಆ ನಗು ನನಗೆ ಸರಿ ಕಾಣಲಿಲ್ಲ.

ಮರುದಿನ ಅಂಕೋಲಾದಲ್ಲಿದ್ದಾಗ ಡಾಕ್ಟರ ಫೋನು: ಹೆಂಡತಿಗೆ ಗೊತ್ತಾಗಿದೆ, ಈಗಿಂದೀಗ ಬಾ. ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗಲಿಲ್ಲ. ಕೆಲಸ ಹೋಯಿತೆಂದೇ ಹೆದರಿದ್ದೆ. ಹೋದವನೇ ಆ ರಿಪೋರ್ಟನ್ನು ಯಾರು ತೆರೆದಿದ್ದಾರೆಂದು ಸರ್ವರಿನಲ್ಲಿ ತೋರಿಸಿದೆ. ಅವರದೇ ಕಾರ್ಡು, ಬೇರೆ ಯಾರದ್ದೂ ಇಲ್ಲ. ಹಾಗಾದರೆ ಹೇಳಿದ್ದು ಯಾರು ಎಂದು ಡಾಕ್ಟರು ನನ್ನೆದುರೇ ಮನೆಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ಯಾರೂ ಹೇಳ್ಲಿಲ್ಲ" ಎಂದರು ಹೆಂಡತಿ. "ನಿನ್ನೆ ಊಟಕ್ಕೆ ಕರಿ ಇಶಾಡ ಮಾವಿನಹಣ್ಣು ಹೆಚ್ಚಿ ಇಟ್ಟಿದ್ದೆ. ಬುಟ್ಟಿ ಖಾಲಿ ಮಾಡೂ ಜನ, ಒಂದೇ ಹೋಳು ತಿಂದು ಕೈ ತೊಳ್ಕಂಡ್ರಿ. ಇನ್ನು ರಿಪೋರ್ಟ್ ಎಂತಕ್ಕೆ?"

ಡಾಕ್ಟರು ಫೋನಿಟ್ಟು ಡಬ್ಬಿಯ ತಲೆ ತಟ್ಟಿದರು. ಡಬ್ಬಿಯೂ ಇರಲಿ, ನೀನೂ ಇರು ಎಂದರು. ನನಗೆ ಹೋದ ಜೀವ ಬಂದಂತಾಯಿತು. ಬಾಗಿಲ ತನಕ ಹೋಗಿದ್ದೆ, ಹಿಂದಿನಿಂದ ಮೆಲ್ಲಗೆ ಕೇಳಿದರು:

"ಅಲ್ಲ ತಮಾ, ಮಾವಿನಹಣ್ಣಿಗೆ ಪಾಸ್‌ವರ್ಡ್ ಹಾಕೂಕೆ ಬರೂದಿಲ್ವಾ?"