ನನ್ನ ಮಾವನಿಗೆ ಬಂದ ಅಭಿಪ್ರಾಯಗಳು

ಕಾದಂಬರಿ ಬರೆಯುವುದು ಕಷ್ಟದ ಕೆಲಸವೆಂದು ಯಾರೋ ಹಬ್ಬಿಸಿದ್ದಾರೆ. ನನಗೇನೂ ಕಷ್ಟವಾಗಲಿಲ್ಲ. ಯುದ್ಧ ಮುಗಿದು ಕಾಗದ ಮತ್ತೆ ಕಣ್ಣಿಗೆ ಬೀಳತೊಡಗಿದ ಕಾಲ. ವಿಜಾಪುರದ ಸರಕಾರಿ ಕಚೇರಿಯೊಂದರಲ್ಲಿ ನಾನು ಕಾರಕೂನ. ಟಪಾಲು ಬರೆದು ಬರೆದು ಪಳಗಿದ ಕೈ. ನಾಲ್ಕೇ ತಿಂಗಳಲ್ಲಿ ನೂರಾ ಎಂಬತ್ತು ಪುಟ ಬರೆದು ಮುಗಿಸಿದೆ. ಹೆಸರು ‘ಬೆಂದ ಕೂಸಿನ ಬಾಳು’. ತಂದೆ ಸತ್ತ ಹುಡುಗನೊಬ್ಬ ಸೋದರಮಾವನ ಮನೆಯಲ್ಲಿ ಹೊಡೆತ ತಿಂದು, ಉಪವಾಸ ಬಿದ್ದು, ಹೇಗೋ ಜೀವ ಉಳಿಸಿಕೊಂಡು ದೊಡ್ಡವನಾಗುವ ಕಥೆ.

ನಾನೂ ತಂದೆ ಸತ್ತ ಹುಡುಗನೇ. ನಾನೂ ತಿಕೋಟಾದಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದವನೇ. ಆದರೆ ನನ್ನ ಮಾವ ಚನಬಸಪ್ಪನವರಿಂದ ಕಾದಂಬರಿಗೆ ಕಾಸಿನ ಉಪಯೋಗವಿರಲಿಲ್ಲ. ಅವರು ನನ್ನನ್ನು ಒಂದು ದಿನವೂ ಹೊಡೆಯಲಿಲ್ಲ. ಎತ್ತು ನಿಂತುಬಿಟ್ಟರೆ ಬಾರುಕೋಲು ಬಗಲಲ್ಲಿ ಇಟ್ಟುಕೊಂಡು, "ನಡಿಯಪಾ, ಹೊತ್ತಾತು" ಎಂದು ಕೇಳಿಕೊಳ್ಳುವ ಮನುಷ್ಯ. ನನಗೆ ಸಾಲಿ ಕಲಿಸಿದರು. ನೌಕರಿ ಹತ್ತಿದ ಮೇಲೆ ತಮ್ಮ ಹಿರಿಯ ಮಗಳು ನೀಲವ್ವನನ್ನೇ ಕೊಟ್ಟು ಮದುವೆ ಮಾಡಿದರು. ಇಂಥ ಮಾವನನ್ನು ಇಟ್ಟುಕೊಂಡು ಯಾರಾದರೂ ಕಾದಂಬರಿ ಬರೆಯಬಲ್ಲರೇ?

ಮೊದಲು ಹಾಗೆಯೇ ಬರೆದಿದ್ದೆ. ಪ್ರೆಸ್ಸಿನ ಯಜಮಾನರು ಹತ್ತು ಪುಟ ಓದಿ ಕೆಳಗಿಟ್ಟರು. "ಇದನ್ನ ಓದಿ ಯಾರ ಅಳ್ತಾರ್ರಿ? ಅಳಸದ ಪುಸ್ತಕ ಯಾರ ತಗೋತಾರ?" ಎಂದರು. ನಾನು ತಿದ್ದಿದೆ. ಮೂರನೆಯ ಪ್ರಕರಣದಲ್ಲಿ ಮಾವ ಹುಡುಗನಿಗೆ ಹಗ್ಗದಿಂದ ಹೊಡೆದ. ಏಳನೆಯದರಲ್ಲಿ ನೆಲದೊಳಗೆ ಜೋಳ ತುಂಬಿಡುವ ಹಗೇವಿನಲ್ಲಿ ಅವನನ್ನು ಇಳಿಸಿ, ಬಾಯಿಗೆ ಕಲ್ಲು ಮುಚ್ಚಿದ. ಹನ್ನೆರಡನೆಯದರಲ್ಲಿ ಕಬ್ಬಿಣ ಕಾಯಿಸಿ ಹೊಟ್ಟೆಯ ಮೇಲೆ ಬರೆ ಎಳೆದ. ಯಜಮಾನರು ಕಣ್ಣೊರೆಸಿಕೊಂಡು, ಮೊದಲ ಪುಟದಲ್ಲಿ ‘ಇದು ನಡೆದ ಕಥೆ’ ಎಂದು ತಾವೇ ಸೇರಿಸಿದರು. ನಾನು ಬೇಡವೆನ್ನಲಿಲ್ಲ. ಮಾವನವರ ಮರ್ಯಾದೆಗೆ ಧಕ್ಕೆ ಬಾರದಂತೆ ಎಚ್ಚರವನ್ನೂ ವಹಿಸಿದ್ದೆ. ಚನಬಸಪ್ಪ ಎಂಬ ಹೆಸರನ್ನು ಬದಲಿಸಿ ಬಸಪ್ಪ ಎಂದು ಮಾಡಿದ್ದೆ. ಊರು, ಓಣಿ ಇದ್ದಂತೆಯೇ ಇದ್ದವು. ಇದಕ್ಕಿಂತ ಹೆಚ್ಚಿನ ಎಚ್ಚರ ಯಾವ ಲೇಖಕ ವಹಿಸಿಯಾನು!

ಕೊನೆಯ ಪುಟದಲ್ಲಿ ‘ವಾಚಕ ಮಹಾಶಯರು ತಮ್ಮ ಅಭಿಪ್ರಾಯವನ್ನು ಕಾರ್ಡಿನ ಮೂಲಕ ತಿಳಿಸುವ ಕೃಪೆ ಮಾಡಬೇಕು’ ಎಂದು ಹಾಕಿಸಿದೆ. ಒಳ್ಳೆಯ ಅಭಿಪ್ರಾಯಗಳನ್ನು ಮುಂದಿನ ಮುದ್ರಣದ ಮೊದಲ ಪುಟಗಳಲ್ಲಿ ಅಚ್ಚು ಹಾಕಿಸುವುದು ವಾಡಿಕೆ. ‘ಶೈಲಿ ಸರಳ’, ‘ಪಾತ್ರಗಳು ಮನೋಹರ’ ಎಂಬ ನಾಲ್ಕು ಮಾತು ಬಂದರೆ ಸಾಕೆಂದು ಟಪಾಲಿನವನ ದಾರಿ ಕಾಯುತ್ತ ಕುಳಿತೆ.

ಕಾರ್ಡುಗಳು ಬಂದವು. ಬಬಲೇಶ್ವರದ ಗೃಹಸ್ಥರೊಬ್ಬರು, ‘ಮನೆಮಂದಿಯೆಲ್ಲ ಕೂತು ಓದಿ ಅತ್ತೆವು. ಆ ನಿಮ್ಮ ಮಾವ ಇನ್ನೂ ಜೀವದಿಂದ ಇದ್ದಾನೆಯೇ?’ ಎಂದು ಬರೆದಿದ್ದರು. ವಕೀಲರೊಬ್ಬರು ಫಿರ್ಯಾದಿ ಹಾಕುವುದಿದ್ದರೆ ತಾವು ತಯಾರೆಂದಿದ್ದರು. ಹೊನವಾಡದ ಹಿರಿಯರೊಬ್ಬರು ಕಾರ್ಡಿನ ಬದಲು ಒಂದು ಡಬ್ಬಿ ಮುಲಾಮನ್ನೇ ಕಳಿಸಿದ್ದರು, ಬರೆಯ ಕಲೆಗೆ ಹಚ್ಚಿಕೊಳ್ಳಲು. ಇನ್ನೊಬ್ಬರು, ‘ಮುಚ್ಚಿದ ಹಗೇವಿನಲ್ಲಿ ಎರಡು ದಿನ ಇದ್ದವನು ಉಸಿರು ಕಟ್ಟಿ ಸಾಯುತ್ತಾನೆ, ನೀವು ಬದುಕಿದ್ದು ದೇವರ ದಯೆ’ ಎಂದಿದ್ದರು. ತಪ್ಪು ಬರೆದವನು ನಾನು, ಶ್ರೇಯಸ್ಸು ದೇವರಿಗೆ!

ನನಗೆ ಸಿಟ್ಟು ಬಂತು. ಈಗಲೂ ಇದೆ. ಆ ಕಾದಂಬರಿಯಲ್ಲಿ ಸೂರ್ಯೋದಯವನ್ನು ನಾನು ಹನ್ನೊಂದು ಸಲ ವರ್ಣಿಸಿದ್ದೇನೆ, ಒಂದು ಸಲ ವರ್ಣಿಸಿದಂತೆ ಇನ್ನೊಂದು ಸಲ ವರ್ಣಿಸಿಲ್ಲ. ಒಬ್ಬನಾದರೂ ಸೂರ್ಯೋದಯದ ಮಾತೆತ್ತಿದನೇ? ಬರೀ ಮಾವ, ಮಾವ, ಮಾವ. ಕೇಳಿದ್ದು ಪುಸ್ತಕದ ಮೇಲಿನ ಅಭಿಪ್ರಾಯ, ಕೊಟ್ಟದ್ದು ನನ್ನ ನೆಂಟರ ಮೇಲಿನದು. ನಿಡೋಣಿಯಿಂದ ಬಂದ ಕಾರ್ಡೊಂದು ಮಾತ್ರ ಭಾಷೆಯ ದೃಷ್ಟಿಯಿಂದ ಚೆನ್ನಾಗಿತ್ತು: ‘ಇಂಥ ನರಕದಿಂದ ಹೆಣ್ಣು ತರುವ ಮೂರ್ಖ ಯಾವನಿರಬಹುದು!’ ಅದನ್ನು ಅಚ್ಚು ಹಾಕಿಸಲೆಂದು ತೆಗೆದಿಟ್ಟೆ.

ಒಂದು ರವಿವಾರ ತಿಕೋಟಾದಿಂದ ಪತ್ರ ಬಂತು. ಮಾವನವರಿಗೆ ಓದು ಬರಹ ಬಾರದು. ಊರಿನ ಮಾಸ್ತರರ ಕೈಯಿಂದ ಬರೆಸುತ್ತಿದ್ದರು. ನೀಲವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಅವಳಿಗೂ ಓದು ಬಾರದು. ನಾನು ಎಂದಿನಂತೆ ಗಟ್ಟಿಯಾಗಿ ಓದತೊಡಗಿದೆ.

‘ಚಿರಂಜೀವಿ ಗುರುಪಾದನಿಗೆ ಆಶೀರ್ವಾದ. ಇತ್ತ ಎಲ್ಲರೂ ಕ್ಷೇಮ. ಈಚೆಗೆ ನನಗೆ ದಿನಾ ಕಾರ್ಡು ಬರುತ್ತಿವೆ. ಯಾರೋ ದೊಡ್ಡ ದೊಡ್ಡ ಮಂದಿ ನನಗೆ ರಾಕ್ಷಸನೆಂದು ಬರೆಯುತ್ತಾರೆ. ಮಾಸ್ತರರು ಕಟ್ಟೆಯ ಮೇಲೆ ಎಲ್ಲರ ಮುಂದೆ ಓದಿ ಹೇಳುತ್ತಾರೆ. ತಮ್ಮ ಕಾರ್ಡು ತಲುಪಿತು, ನಾವು ಆರಾಮ ಇದ್ದೇವೆ, ತಾವೂ ಆರಾಮ ಇರಬೇಕು ಎಂದು ಎಲ್ಲರಿಗೂ ಉತ್ತರ ಬರೆಸಿದ್ದೇನೆ. ಒಬ್ಬರು ತಮ್ಮ ವಿಳಾಸ ಹಾಕಿಲ್ಲ, ಅವರಿಗೆ ಉತ್ತರ ಹೋಗಲಿಲ್ಲವೆಂದು ಬೇಜಾರಾಗಿದೆ. ಇವರೆಲ್ಲ ಯಾರೆಂದು ನೀನು ಪಟ್ಟಣದಲ್ಲಿ ವಿಚಾರಿಸು.’

ಜೋಳ ಹಸನು ಮಾಡುವ ಕೈ ನಿಂತಿತು.

"ಅಲ್ರೀ, ನಮ್ಮಪ್ಪಗ ರಾಕ್ಷಸ ಅನ್ನಾಕ ಇವ್ರಿಗೆ ಏನಾಗೇತಿ? ಯಾರ ಹೇಳ್ಯಾರ ಇವ್ರಿಗೆ?"

"ಯಾವ್ದೋ ಪುಸ್ತಕದಾಗ ಬಂದೈತಿ ಅಂತ ಕಾಣ್ತೈತಿ."

"ಯಾರು ಬರದಿದ್ದು?"

ನಾನು ಕನ್ನಡಕ ತೆಗೆದು ಒರೆಸಿದೆ. ಸ್ವಚ್ಛವಾಗಿಯೇ ಇತ್ತು. ಮತ್ತೆ ಒರೆಸಿದೆ.

"ತರ್ರಿ ಅದನ್ನ. ಕುಂತು ಓದ್ರಿ," ಎಂದಳು.

ಓದಿದೆ. ಮೂರನೆಯ ಪ್ರಕರಣಕ್ಕೆ ಅವಳು ಮೊರ ಬದಿಗಿಟ್ಟಳು. ಏಳನೆಯದಕ್ಕೆ ಸೆರಗು ಕಣ್ಣಿಗೆ ಹೋಯಿತು. ನಾನು ಹಿಗ್ಗಿ ದನಿ ಏರಿಸಿದೆ. ಬರೆಯ ಪ್ರಕರಣಕ್ಕೆ ಬರುವಷ್ಟರಲ್ಲಿ ಅವಳು ಬಿಕ್ಕುತ್ತ, "ಆ ಮಾವ ಅನ್ನಾಂವನ ಕೈಗೆ ಹುಳಾ ಬೀಳ್ಲಿ," ಎಂದು ಶಪಿಸಿದಳು. ಶಪಿಸಿ ಆದ ಮೇಲೆ ಅದು ಯಾರ ಕೈಯೆಂಬುದು ನೆನಪಾಯಿತು.

"ನನ್ನ ಬಾಯಿಲೇ ನಮ್ಮಪ್ಪಗ ಬೈಸಿದ್ರಲ್ರಿ," ಎಂದಳು. "ಎಂದರ ಒಂದ ದಿನಾ ಹೊಡದಾನೇನ್ರಿ ಅಂವ ನಿಮಗ? ರೊಟ್ಟಿ ಸಾಲಲಿಲ್ಲಂದ್ರ ತನ್ನ ತಾಟಿನಾಗಿಂದ ತಗದು ಹಾಕ್ತಿದ್ದ. ಅದನ್ನ್ಯಾಕ ಬರೀಲಿಲ್ಲ?"

ಅದರಲ್ಲಿ ಕರುಣರಸವಿಲ್ಲ ಎಂದು ವಿವರಿಸಲು ಹೋದೆ. ಅಂದು ಊಟಕ್ಕೆ ರೊಟ್ಟಿ ನಿಜವಾಗಿಯೂ ಸಾಲಲಿಲ್ಲ, ಯಾರೂ ತಮ್ಮ ತಾಟಿನಿಂದ ತೆಗೆದು ಹಾಕಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪ್ರಸಂಗ ಹೇಳುತ್ತಿರಲಿಲ್ಲ. ಮರುವಾರ ಎರಡನೆಯ ಪತ್ರ ಬಂತು. ನೀಲವ್ವನ ತಂಗಿ ಕಸ್ತೂರಿಗೆ ನಿಡೋಣಿಯ ವರ ಗೊತ್ತಾಗಿತ್ತು. ಸೋಮವಾರ ಒಪ್ಪಿಗೆಗೆ ಬರಬೇಕಾದವರು ‘ಇನ್ನೂ ವಿಚಾರ ಮಾಡುತ್ತೇವೆ’ ಎಂದು ಹೇಳಿಕಳಿಸಿದ್ದರು. ‘ಹುಡುಗ ಸಾಲಿ ಮಾಸ್ತರ, ಬಹಳ ಓದುವವನು. ಯಾವುದೋ ಪುಸ್ತಕ ಓದಿ ಮನಸ್ಸಿಗೆ ಹಚ್ಚಿಕೊಂಡಿದ್ದಾನಂತೆ. ಕಸ್ತೂರಿ ಎರಡು ದಿನದಿಂದ ಉಂಡಿಲ್ಲ,’ ಎಂದು ಮಾವನವರು ಬರೆಸಿದ್ದರು. ನಾನು ತೆಗೆದಿಟ್ಟ ನಿಡೋಣಿಯ ಕಾರ್ಡನ್ನು ಹುಡುಕಿ ಕೆಳಗಿನ ಸಹಿ ನೋಡಿದೆ. ವರನದೇ!

"ನನ್ನ ತಂಗೀ ಲಗ್ನ ಮುರೀತಂದ್ರ ನಾ ತಿಕೋಟಾಕ್ಕ ಹೋಗಿಬಿಡ್ತೀನಿ. ನೀವು ನಿಮ್ಮ ವಾಚಕರ ಕೈಲೆ ಅಡಗಿ ಮಾಡಿಸ್ಕೊಂಡು ಉಣ್ರಿ," ಎಂದಳು ನೀಲವ್ವ.

ಕಾರಕೂನನಿಗೆ ಯಾವ ಆಪತ್ತು ಬಂದರೂ ಒಂದೇ ಉಪಾಯ, ಒಂದು ಕಾಗದ ಬರೆಯುವುದು. ಪ್ರೆಸ್ಸಿಗೆ ಓಡಿ ಒಂದು ಸ್ಪಷ್ಟೀಕರಣ ಅಚ್ಚು ಹಾಕಿಸಿ, ಕಾರ್ಡು ಬರೆದವರಿಗೆಲ್ಲ ಕಳಿಸಿ, ಊರಲ್ಲೂ ಹಂಚಿಸಿದೆ. ‘ಸದರಿ ಕಾದಂಬರಿಯಲ್ಲಿ ಬರುವ ಮಾವನಿಗೂ ಸದರಿ ಲೇಖಕನ ಮಾವನಿಗೂ ಯಾವ ಸಂಬಂಧವೂ ಇರುವುದಿಲ್ಲ. ಲೇಖಕನ ಮಾವನವರು ದೇವರಂಥವರು. ಅವರು ಲೇಖಕನನ್ನು ಎಂದೂ ಹೊಡೆದಿರುವುದಿಲ್ಲ. ಇದನ್ನು ಲೇಖಕನು ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಬುದ್ಧಿಯಿಂದ ಬರೆದುಕೊಟ್ಟಿರುತ್ತಾನೆ.’ ದಸ್ತಾವೇಜು ಬರೆಯುವ ಕೈ, ತಾನಾಗಿಯೇ ಹಾಗೆ ಬರೆಯಿತು.

ಒಂದೇ ವಾರದಲ್ಲಿ ಉತ್ತರಗಳು ಬಂದವು. ‘ಇದನ್ನು ಬರೆಸುವಾಗ ನಿಮ್ಮ ಮಾವ ಎದುರಿಗೆ ನಿಂತಿದ್ದನೇ?’ ಎಂದು ಬಬಲೇಶ್ವರದವರು ಕೇಳಿದರು. ‘ಒತ್ತಾಯದಿಂದ ಬರೆಸಿದ ಕಾಗದ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಧೈರ್ಯದಿಂದಿರಿ’ ಎಂದರು ವಕೀಲರು. ಹೊನವಾಡದಿಂದ ಇನ್ನೊಂದು ಡಬ್ಬಿ ಮುಲಾಮು ಬಂತು. ಸಂತೋಷಪಟ್ಟವರು ಪ್ರೆಸ್ಸಿನ ಯಜಮಾನರೊಬ್ಬರೇ. ಸ್ಪಷ್ಟೀಕರಣ ಓದಿದವರೆಲ್ಲ ಪುಸ್ತಕ ಕೇಳಿಕೊಂಡು ಬರುತ್ತಿದ್ದಾರೆಂದು ಅವರು ಅದನ್ನು ಪ್ರತಿ ಪ್ರತಿಯಲ್ಲೂ ಅಂಟಿಸಿಬಿಟ್ಟರು.

"ನಿಡೋಣಿಗೆ ಹೋಗ್ರಿ," ಎಂದಳು ನೀಲವ್ವ. "ಹೋಗಿ ಬಾಯಿಲೇ ಹೇಳ್ರಿ. ಬರ್ಯಾಕ ಮಾತ್ರ ಹೋಗಬ್ಯಾಡ್ರಿ."

ರಜೆ ಹಾಕಿ ಹಿಂದಿನ ದಿನವೇ ತಿಕೋಟಾಕ್ಕೆ ಹೋಗಿ, ಬೆಳಗಾಗುತ್ತಲೇ ಮಾವನವರ ಜೊತೆ ಚಕ್ಕಡಿಯಲ್ಲಿ ಹೊರಟೆ. ನನ್ನ ಪುಸ್ತಕದಿಂದಲೇ ಇಷ್ಟೆಲ್ಲ ಆಯಿತೆಂದು ಹೇಳಿದಾಗ ಅವರು, "ಮಂದಿ ಎಲ್ಲೋ ತಪ್ಪ ತಿಳ್ಕೊಂಡಾರ. ಹೇಳಿದ್ರ ತಿಳೀತೈತಿ," ಎಂದಷ್ಟೇ ಹೇಳಿ ಎತ್ತುಗಳ ಕಡೆ ತಿರುಗಿದರು.

ವರನ ಹೆಸರು ಶಿವಪ್ಪ ಮಾಸ್ತರ. ಕೈಯಲ್ಲಿ ನನ್ನ ಕಾದಂಬರಿ ಹಿಡಿದುಕೊಂಡೇ ಬಾಗಿಲಿಗೆ ಬಂದ. ಒಳಗೆ ಕಂಬಕ್ಕೆ ಒರಗಿ ಅವನ ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಆ ಮನೆಯಲ್ಲಿ ಹಿರಿತನ ಅವಳದು.

"ನೀವು ಅಂಜಬ್ಯಾಡ್ರಿ," ಎಂದ ಮಾಸ್ತರ, ಮಾವನವರ ಕಡೆ ಓರೆಗಣ್ಣಿಂದ ನೋಡುತ್ತ. "ಇಲ್ಲಿ ನಿಮಗ ಯಾರೂ ಏನೂ ಮಾಡೂದಿಲ್ಲ."

"ಹೌದಪಾ, ಅಂಜಬ್ಯಾಡ. ಮಂದಿ ಚಲೋ ಅದಾರ," ಎಂದು ಮಾವನವರು ನನ್ನ ಬೆನ್ನ ಮೇಲೆ ಕೈಯಿಟ್ಟರು. ಚಕ್ಕಡಿಯ ಕುಲುಕಾಟಕ್ಕೆ ಬೆನ್ನು ಹಣ್ಣಾಗಿತ್ತು. ‘ಅಯ್ಯೋ’ ಎಂದು ಒದರಿಬಿಟ್ಟೆ. ಮಾಸ್ತರ ಕಣ್ಣು ಮುಚ್ಚಿಕೊಂಡ.

ನನಗೆ ರೇಗಿತು. ಒಬ್ಬ ಮನುಷ್ಯ ತನಗೆ ಯಾರೂ ಹೊಡೆದಿಲ್ಲವೆಂದು ಹೇಳಿದರೆ ನಂಬಲು ಇವರಿಗೇನು ಕಷ್ಟ? "ನನ್ನ ಮೈ ನೋಡ್ರಿ. ಒಂದರ ಕಲೆ ಐತೇನು ನೋಡ್ರಿ," ಎನ್ನುತ್ತ ಅಂಗಿ ಕಳಚಿ ಎಸೆದು, ಎದೆಯುಬ್ಬಿಸಿ ನಡುಮನೆಯಲ್ಲಿ ನಿಂತೆ.

ಮಾಸ್ತರ ನನ್ನ ಹೊಟ್ಟೆ ನೋಡಿದ. ಪುಸ್ತಕ ತೆರೆದ. ಮತ್ತೆ ಹೊಟ್ಟೆ ನೋಡಿದ.

"ಹೊಕ್ಕಳದ ಎಡಕ್ಕ ಎರಡ ಬರಿ," ಎಂದು ಸಾಲಿನ ಮೇಲೆ ಬೆರಳಿಟ್ಟು ಓದಿದ. "ಬರದಂಗ ಐತಿ."

ದಿನಾ ಸ್ನಾನ ಮಾಡುವಾಗ ನೋಡುವ ಹೊಟ್ಟೆ. ಅದರ ಮೇಲೆ ಬರೆಗಳಿವೆಯೆಂಬುದನ್ನೇ ಮರೆತಿದ್ದೆ. ಕಾದಂಬರಿಯ ಬರೆಯನ್ನು ಅಲ್ಲಿಂದಲೇ ಎತ್ತಿಕೊಂಡಿದ್ದೆನೆಂಬುದನ್ನೂ ಮರೆತಿದ್ದೆ. ಎರಡೂ ಒಟ್ಟಿಗೇ ನೆನಪಾದವು. ಕಸ್ತೂರಿಯ ಲಗ್ನ ನನ್ನ ಹೊಟ್ಟೆಯಿಂದಲೇ ಮುರಿದುಬಿತ್ತೆಂದು ಅಂಗಿಗಾಗಿ ತಡಕಾಡಿದೆ.

"ಸರಕೋ ಶಿವ್ಯಾ, ನಾ ನೋಡ್ತೀನಿ," ಎಂದು ಅಜ್ಜಿ ಎದ್ದು ಬಂದಳು. ಬಾಗಿ, ಬೆರಳಿಂದ ಒತ್ತಿ ನೋಡಿದಳು. "ಸಣ್ಣಾಂವಿದ್ದಾಗ ಕಾಮಣಿ ಆಗಿತ್ತೇನೋ ನಿನಗ?"

ಆಗಿತ್ತು. ನಾಲ್ಕು ವರ್ಷದವನಿದ್ದಾಗ ಮೈ, ಕಣ್ಣು ಎಲ್ಲ ಹಳದಿಯಾಗಿತ್ತಂತೆ. ಅಂಥ ಕೂಸಿಗೆ ರೋಗ ಇಳಿಯಲೆಂದು ನಮ್ಮ ಕಡೆ ಬರೆ ಹಾಕಿಸುತ್ತಿದ್ದರು. ಹಾಕಿಸದ ಮನೆ ಕಡಿಮೆ.

ಅಜ್ಜಿ ಮೊಮ್ಮಗನ ಕಡೆ ತಿರುಗಿದಳು. "ಅಂಗಿ ಎತ್ತು."

"ಆಯಿ, ಮಂದಿ ಅದಾರ."

"ಎತ್ತಲೇ."

ಮಾಸ್ತರ ಎತ್ತಿದ. ನನಗಿಂತ ಒಂದು ಹೆಚ್ಚು!

"ನಾನ ಹಾಕ್ಸೀನಿ," ಎಂದಳು ಅಜ್ಜಿ. "ನನ್ನ ಮ್ಯಾಲೂ ಒಂದ ಪುಸ್ತಕ ಬರೀತೀಯೇನು?" ಆಮೇಲೆ ಮಾವನವರನ್ನು ಕೇಳಿದಳು, "ಇವನ್ನ ಅವತ್ತ ಹಿಡ್ಕೊಂಡಾಂವ ಯಾರು?"

"ನಾನ ಹಿಡ್ಕೊಂಡಿದ್ದೆವಾ," ಎಂದರು ಮಾವನವರು. "ಇಂವ ಅತ್ತಾನೋ ಇಲ್ಲೋ ಈಗ ನೆನಪಿಲ್ಲ. ನಾ ಅತ್ತಿದ್ದು ನೆನಪೈತಿ."

ಅಜ್ಜಿ ಅವರ ಮುಖ ನೋಡಿದಳು. "ಸೋಮವಾರ ಬರ್ತೀವಿ. ಹುಡುಗಿಗೆ ಉಣ್ಣಾಕ ಹೇಳ್ರಿ," ಎಂದು ಹೋಗಿ ಮತ್ತೆ ಅಡಿಕೆ ಕುಟ್ಟತೊಡಗಿದಳು. ಮಾಸ್ತರ ಅಂಗಿ ಇಳಿಸಿಕೊಂಡು ಪುಸ್ತಕವನ್ನು ನನ್ನ ಕೈಗೇ ಕೊಟ್ಟ.

ಮಧ್ಯಾಹ್ನ ಉಂಡು ತಿರುಗಿ ಹೊರಟೆವು. ಊರು ದಾಟಿದ ಮೇಲೆ ಮಾವನವರು, "ಅದನ್ನ ಓದಪಾ. ಎಲ್ಲಾರೂ ಕೇಳ್ಯಾರ, ನಾನ ಕೇಳಿಲ್ಲ," ಎಂದರು. ನಾನು ಜಾಣತನ ಮಾಡಿ ಹೊಡೆತದ ಪುಟಗಳನ್ನು ಹಾರಿಸಿ ಓದತೊಡಗಿದೆ. ಉಳಿದದ್ದು ಸೂರ್ಯೋದಯಗಳಷ್ಟೇ. ನಾಲ್ಕನೆಯ ಸೂರ್ಯೋದಯಕ್ಕೆ ಅವರು, "ಹುಡುಗ ಎಲ್ಲಿ ಹ್ವಾದ?" ಎಂದು ಕೇಳಿದರು. ಬೇರೆ ದಾರಿಯಿಲ್ಲದೆ ಎಲ್ಲವನ್ನೂ ಓದಿದೆ. ಹಗೇವಿನ ಪ್ರಕರಣಕ್ಕೆ ಚಕ್ಕಡಿ ನಿಂತಿತು. ಬರೆಯ ಪ್ರಕರಣ ಮುಗಿಯುವಾಗ ಮಾವನವರು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಈ ಹುಡುಗ ಈಗ ಎಲ್ಲಿ ಅದಾನಲೇ?" ಎಂದರು.

"ಯಾಕ್ರಿ ಮಾವ?"

"ಕರ್ಕೊಂಡ ಬಾ. ಕಸ್ತೂರಿ ಹ್ವಾದ ಮ್ಯಾಲ ಮನಿ ಬಿಕೋ ಅಂತೈತಿ. ನಮ್ಮಲ್ಲೇ ಇರ್ಲಿ."

ಎರಡು ತಿಂಗಳಿಂದ ವಾಚಕರ ಮೇಲೆ ಕೂಡಿಹಾಕಿದ್ದ ಸಿಟ್ಟನ್ನೆಲ್ಲ ಹುಡುಕಿದೆ. ಆ ಹೊತ್ತಿಗೆ ಒಂದು ಚೂರೂ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ನಾಚಿಕೆ. ಆ ನಾಚಿಕೆಯಲ್ಲಿ ತಲೆಯೆತ್ತಿ ಅವರ ಮುಖ ನೋಡಲಾಗಲಿಲ್ಲ.

"ಅಂಥಾ ಹುಡುಗ ಯಾರೂ ಇಲ್ರಿ ಮಾವ. ನಾನ ಕಟ್ಟಿ ಬರದೀನಿ."

"ಹಗ್ಗದಿಂದ ಹೊಡದಿದ್ದು?"

"ಸುಳ್ಳ."

"ಹಗೇವಿನ್ಯಾಗ ಹಾಕಿ ಕಲ್ಲ ಮುಚ್ಚಿದ್ದು?"

"ಅದೂ ಸುಳ್ಳರಿ."

ಮಾವನವರು ದೀರ್ಘವಾಗಿ ಉಸಿರು ಬಿಟ್ಟರು. "ಚಲೋ ಆತು ಬಿಡಪಾ. ಭಾಳ ಚಲೋ ಆತು," ಎಂದು ನನ್ನ ಬೆನ್ನು ತಟ್ಟಿ ಎತ್ತುಗಳನ್ನು ಮಾತಾಡಿಸಿದರು. ನನ್ನ ಕಾದಂಬರಿಯನ್ನು ಮನಸಾರೆ ಮೆಚ್ಚಿದ ವಾಚಕರು ಅವರೊಬ್ಬರೇ. ಮೆಚ್ಚಿದ್ದು, ಅದರಲ್ಲಿ ಒಂದಕ್ಷರವೂ ನಿಜವಿಲ್ಲವೆಂದು.