ಮಂಡಿ ಮೊಹಲ್ಲಾದಲ್ಲಿ ವಾಸವಿರುವ ತಮ್ಮ ಪ್ರಜೆಯೊಬ್ಬರ ಬಗ್ಗೆ ಅಹವಾಲು

ಪೋಲೆಂಡ್ ದೇಶದಲ್ಲಿ ಪೌರತ್ವ ದೃಢೀಕರಣದ ಅರ್ಜಿಗಳನ್ನು ಪರಿಶೀಲಿಸುವ, ಸಹಿ ಸ್ಪಷ್ಟವಾಗಿದ್ದರೂ ಹೆಸರು ಓದಲಾಗದ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಮೇಜಿನ ಮೇಲಿನ ಕಡತಗಳು ತಮಗಿಂತಲೂ ಕ್ಷೇಮವೆಂದೂ ನಂಬಿ, ಮೈಸೂರಿನಿಂದ ನಿವೃತ್ತ ಕನ್ನಡ ಶಿಕ್ಷಕಿ ಪ್ರೇಮಮ್ಮ ಮಾಡಿಕೊಳ್ಳುವ ವಿಜ್ಞಾಪನೆ. ನನ್ನ ಅತ್ತೆಯವರ ವಿಷಯದಲ್ಲಿ ತಾವು ಮಾಡಿರುವ ಉಪಕಾರವನ್ನು ನಮ್ಮ ಮನೆಯವರಿಂದ ಹೊರಲಾಗುತ್ತಿಲ್ಲವಾದ್ದರಿಂದ, ಅದರಲ್ಲಿ ಅರ್ಧವನ್ನಾದರೂ ತಾವು ವಾಪಸು ಪಡೆಯಬೇಕೆಂದು ಬೇಡುವುದಕ್ಕೆ ಈ ಪತ್ರ.

ದಿನಕ್ಕೆ ನೂರಾರು ಅತ್ತೆಯರನ್ನು ಪರಿಶೀಲಿಸುವ ತಮಗೆ ನಮ್ಮ ಅತ್ತೆ ಮರೆತುಹೋಗಿರಬಹುದು. ಅಪೊಲೋನಿಯಾ ಕೊವಾಲ್ಚಿಕ್ ಎಂಬ ಇವರು ಎರಡನೆಯ ಮಹಾಯುದ್ಧದ ಕಾಲದಲ್ಲಿ, ರಷ್ಯದವರು ಗಡೀಪಾರು ಮಾಡಿದ ಸೈಬೀರಿಯದ ಹಿಮದಲ್ಲಿ ತಂದೆಯನ್ನು ಕಳೆದುಕೊಂಡು, ಬೇರೆ ಮಕ್ಕಳ ಜೊತೆ ಹಡಗು ಹತ್ತಿ ಕೊಲ್ಲಾಪುರದ ಹತ್ತಿರದ ನಿರಾಶ್ರಿತರ ಶಿಬಿರಕ್ಕೆ ಬಂದಾಗ ಅವರಿಗೆ ಒಂಬತ್ತೋ ಹತ್ತೋ ವರ್ಷ. ಐದು ವರ್ಷದ ಮೇಲೆ ಶಿಬಿರ ಮುಚ್ಚಿ ಎಲ್ಲರೂ ಬೇರೆ ದೇಶಗಳಿಗೆ ಹೊರಟ ವಾರ ಇವರಿಗೆ ವಿಷಮಶೀತ ಜ್ವರ. ಹಡಗು ಜ್ವರ ಇಳಿಯುವ ತನಕ ಕಾಯಲಿಲ್ಲ. ಅಲ್ಲಿ ನರ್ಸ್ ಆಗಿದ್ದ ಮೈಸೂರಿನ ಪುಟ್ಟಬಸಮ್ಮನವರು ಹುಡುಗಿಯನ್ನು ತಮ್ಮ ಜೊತೆ ಮನೆಗೆ ಕರೆತಂದು, ಆರು ವರ್ಷದ ನಂತರ, ಮರಗೆಲಸದ ಕಾರ್ಖಾನೆ ಇಟ್ಟಿದ್ದ ತಮ್ಮ ಮಗ ಸದಾಶಿವಯ್ಯನಿಗೇ ತಂದುಕೊಂಡರು. ಆ ಸದಾಶಿವಯ್ಯನವರೇ ನಮ್ಮ ಮಾವ, ಈಗಿಲ್ಲ.

ಎಪ್ಪತ್ತೇಳು ವರ್ಷದಿಂದ ಮೈಸೂರಿನಲ್ಲಿರುವ ಅತ್ತೆಯವರಿಗೆ ಪೋಲೆಂಡಿನ ನೆನಪು ಬರಿಸಿದವರು ತಾವಲ್ಲ, ಕಣ್ಣಿನ ಆಸ್ಪತ್ರೆಯವರು. ಮೂರು ವರ್ಷದ ಕೆಳಗೆ ಪೊರೆ ತೆಗೆಸಲು ಹೋದಾಗ ಚೀಟಿ ಬರೆಯುವ ಹುಡುಗಿ ತಂದೆಯ ಹೆಸರು ಕೇಳಿ, ಇವರು ಹೇಳಿದ್ದು ಅರ್ಥವಾಗದೆ ಗಂಡನ ಹೆಸರನ್ನೇ ಬರೆದುಕೊಂಡಳು. ಮನೆಗೆ ಬಂದು ಅತ್ತೆಯವರು ಪೆಟ್ಟಿಗೆಯ ಕಾಗದಗಳನ್ನೆಲ್ಲ ತೆಗೆಸಿದರು. ನಾನು ಒಂದೊಂದಾಗಿ ಓದಿ ಮುಗಿಸಿದ ಮೇಲೆ, "ಪ್ರೇಮ, ನಮ್ಮಪ್ಪನ ಹೆಸ್ರು ಒಂದು ಕಾಗದದಾಗೂ ಇಲ್ಲ ಕಣಮ್ಮ. ಅವ್ರಿಗೆ ಸಮಾಧೀನೂ ಇಲ್ಲ. ಇದ್ರು ಅಂತ ಯಾರಿಗೆ ಗೊತ್ತಾಯ್ತದೆ?" ಎಂದರು. ಮಗಳ ಪೌರತ್ವ ದೃಢಪಡಿಸುವ ಕಾಗದದಲ್ಲಿ ತಂದೆಯ ಹೆಸರೂ ಇರುತ್ತದೆಂದು ತಿಳಿದು ನಾನು ತಮಗೆ ಬರೆದೆ. ತಮ್ಮಲ್ಲಿ ಅರ್ಜಿ ನಮೂನೆ ಇತ್ತು.

ತಮ್ಮ ಮೊದಲ ಪತ್ರದ ಸೌಜನ್ಯವನ್ನು ನಾನು ಇಂದಿಗೂ ಮರೆತಿಲ್ಲ. ತಂದೆಯ ಜನನ ಪ್ರಮಾಣಪತ್ರವನ್ನು ಎರಡು ವಾರದೊಳಗೆ ಕಳಿಸಿ ಎಂದಿದ್ದಿರಿ. ಅವರು ಹುಟ್ಟಿದ ಊರು ಆಮೇಲೆ ಮೂರು ದೇಶಗಳ ಕೈಗೆ ಹೋಗಿ, ದಾಖಲೆ ಇಟ್ಟಿದ್ದ ಚರ್ಚು ಸುಟ್ಟುಹೋಗಿತ್ತು. ಎರಡು ವಾರ ಸಾಲದೇ ಹೋದದ್ದು ನಮ್ಮ ಸೋಮಾರಿತನವೇ ಸರಿ.

ಎರಡನೆಯ ಪತ್ರದಲ್ಲಿ, ಶಿಬಿರದ ಅಪೊಲೋನಿಯಾ, ರೇಷನ್ ಕಾರ್ಡಿನ ಪಾಲಮ್ಮ, ಮತದಾರರ ಪಟ್ಟಿಯ ಅಪ್ಪೋಲಮ್ಮ, ಈ ಮೂವರೂ ಒಬ್ಬರೇ ಎಂದು ರುಜುವಾತುಪಡಿಸಲು ಅಪ್ಪಣೆಯಾಯಿತು. ನಮ್ಮ ಪರಿಚಯದ ವಕೀಲರಾದ ವಾಗೀಶ ಅವರು ಅಫಿಡವಿಟ್ ಬರೆದು, ಅತ್ತೆಯವರನ್ನು ನೋಟರಿಯ ಮುಂದೆ ಕೂರಿಸಿದರು. ನೋಟರಿಯವರು, "ಈ ಮೂರು ಜನಾನೂ ನೀವೇನಾ ಅಜ್ಜಿ?" ಎಂದು ಕೇಳಿದ್ದಕ್ಕೆ, "ಮೂರೇ ಅಲ್ಲ ಕಣಪ್ಪ, ನಮ್ಮತ್ತೆ ನನ್ನ ಪಾರ್ವತಿ ಅಂತ ಕರೀತಿದ್ರು, ನಮ್ ಯಜಮಾನ್ರು ಏನೂ ಕರೀತಾ ಇರ್ಲಿಲ್ಲ, ಕೆಮ್ಮೋರು. ಅದ್ನೂ ಬರ್ಕೋತೀರಾ?" ಎಂದು ಅತ್ತೆಯವರು ಕೇಳಿದರು. ಕೆಮ್ಮನ್ನು ಬಿಟ್ಟು ಉಳಿದ ನಾಲ್ಕು ಹೆಸರನ್ನೂ ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ತಮ್ಮ ಭಾಷೆಗೂ ಮಾಡಿಸಿ ಕಳಿಸಿದೆವು.

ಪೌರತ್ವ ತಪ್ಪಿಹೋಗುವಂತೆ ಪರದೇಶದಲ್ಲಿ ಸೈನ್ಯ ಸೇರಿದ್ದರೇ, ಸಾರ್ವಜನಿಕ ಹುದ್ದೆ ವಹಿಸಿದ್ದರೇ ಎಂಬ ಮೂರನೆಯ ಪತ್ರಕ್ಕೆ, ಮುಚ್ಚುಮರೆ ತಿಳಿಯದ ನಾನು, ಅತ್ತೆಯವರು ನಮ್ಮ ಬೀದಿಯ ಮಹಿಳಾ ಸಮಾಜಕ್ಕೆ ಒಂದು ವರ್ಷ ಅಧ್ಯಕ್ಷರಾಗಿದ್ದರೆಂದು ಬರೆದೆ. ತಾವು ಸಮಾಜದ ನಿಯಮಾವಳಿಯನ್ನು ತರಿಸಿಕೊಂಡು ಏಳು ತಿಂಗಳು ಅಧ್ಯಯನ ಮಾಡಿದಿರಿ. ಆ ನಿಯಮಾವಳಿಯನ್ನು ಅಷ್ಟು ಶ್ರದ್ಧೆಯಿಂದ ಓದಿದವರು ಸಮಾಜದಲ್ಲೇ ಯಾರೂ ಇಲ್ಲ.

ನಡುವೆ ಒಂದು ಬೆಳಿಗ್ಗೆ ತಮ್ಮ ಕಡೆಯ ಹೆಣ್ಣುಮಗಳೊಬ್ಬರು ವಿಡಿಯೊದಲ್ಲಿ ಅತ್ತೆಯವರನ್ನು ವಿಚಾರಿಸಿಕೊಂಡರು. ಪೋಲಿಷ್ ಮಾತು ಏನಾದರೂ ನೆನಪಿದೆಯೇ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಅತ್ತೆಯವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, "ನ್ಯೆ ಪುಷ್ಚಾಯ್" ಎಂದರು. ಪರದೆಯ ಮೇಲಿದ್ದ ಹೆಣ್ಣುಮಗಳು ಬರೆಯುತ್ತಿದ್ದುದನ್ನು ನಿಲ್ಲಿಸಿದರು. ಏನು ಹಾಗೆಂದರೆ ಎಂದು ನಾನು ಕೇಳಿದೆ. "ಬುಡಬ್ಯಾಡ ಅಂತ. ರೈಲ್ನಾಗೆ ಜನ ನುಗ್ತಿದ್ರು, ಅಪ್ಪ ನನ್ ಕೈ ಇಡ್ಕಂಡು ಇದೊಂದೇ ಮಾತು ಹೇಳ್ತಿದ್ರು. ಮಿಕ್ಕಿದ್ದು ಹೊಂಟೋಯ್ತು" ಎಂದರು. ಅಂದು ಬೇರೆ ಪ್ರಶ್ನೆಗಳನ್ನು ಆ ಹೆಣ್ಣುಮಗಳು ಕೇಳಲಿಲ್ಲ. ಎರಡು ತಿಂಗಳ ಮೇಲೆ, ತಮ್ಮದೇ ದೇಶದ ಯಾವುದೋ ದಾಖಲೆ ಕೋಣೆಯಿಂದ ಒಬ್ಬೊಬ್ಬರ ತಂದೆಯ ಹೆಸರೂ ಕಸುಬೂ ಇದ್ದ, ಶಿಬಿರದ ಮಕ್ಕಳ ಪಟ್ಟಿಯೊಂದನ್ನು ಅವರೇ ಹುಡುಕಿಸಿ ಕಳಿಸಿದರು. ಅವರ ಮೇಲೆ ತಾವು ಶಿಸ್ತುಕ್ರಮ ಜರುಗಿಸದಿರಬೇಕಾಗಿ ಪ್ರತ್ಯೇಕವಾಗಿ ಬೇಡುತ್ತೇನೆ.

ಕಳೆದ ಆಷಾಢದಲ್ಲಿ ತಮ್ಮ ತೀರ್ಮಾನ ಬಂತು. ಅಪೊಲೋನಿಯಾ, ಕಮ್ಮಾರ ಸ್ಟಾನಿಸ್ಲಾವ್‌ನ ಮಗಳು, ಹುಟ್ಟಿದ ದಿನದಿಂದ ಇಂದಿನವರೆಗೆ ಒಂದು ದಿನವೂ ಬಿಡದಂತೆ ಪೋಲೆಂಡಿನ ಪ್ರಜೆ. ಅತ್ತೆಯವರು ಭೂತಗನ್ನಡಿ ಹಿಡಿದು ತಂದೆಯ ಹೆಸರಿನ ಸಾಲನ್ನು ಓದಿದರು, ಊಟಕ್ಕೆ ಎಬ್ಬಿಸುವ ತನಕ ಓದುತ್ತಲೇ ಇದ್ದರು.

ನಮ್ಮ ದೂರು ಹುಟ್ಟುವುದು ಇಲ್ಲಿ. ಅದೇ ಕಾಗದವನ್ನು ಓದಿದ ವಾಗೀಶ ಅವರು ಕನ್ನಡಕ ತೆಗೆದು, "ನಮ್ ದೇಶ್ದಲ್ಲಿ ಎರಡು ಪೌರತ್ವ ಒಪ್ಪಲ್ಲ ಕಣ್ರೀ. ಹುಟ್ಟಿದಾಗಿಂದ ಪೋಲೆಂಡಿನವ್ರು ಅಂತಾದ್ರೆ, ಅಜ್ಜಿ ಇಷ್ಟು ವರ್ಷ ಯಾವ ವೀಸಾ ಮೇಲೆ ಮಂಡಿ ಮೊಹಲ್ಲಾದಲ್ಲಿದ್ರು ಅಂತ ಯಾರಾದ್ರೂ ಕೇಳ್ಬೋದು" ಎಂದರು. ಬೆಳಿಗ್ಗೆ ಮನೆಯ ಹಿರಿಯರಾಗಿದ್ದ ಅತ್ತೆ ಸಂಜೆಗೆ ವಿದೇಶಿ ಪ್ರವಾಸಿಗರಾದರು. ಪ್ರವಾಸಿಗರಿಗೆ ತೋರಿಸಬೇಕಾದ ಅರಮನೆಯನ್ನು ಅವರು ಈಗಾಗಲೇ ನೋಡಿದ್ದಾರೆ.

ಹಾಗಿದ್ದರೆ ತಮ್ಮ ಪೌರತ್ವವನ್ನು ಬಿಟ್ಟುಕೊಡುತ್ತೇವೆ ಎಂದು ಬರೆದಾಗ, ಬಿಡುವುದಕ್ಕೂ ತಮ್ಮ ರಾಷ್ಟ್ರಾಧ್ಯಕ್ಷರ ಒಪ್ಪಿಗೆ ಬೇಕೆಂದೂ, ಹೊಸದಾಗಿ ದಾಖಲೆಗಳನ್ನು ಲಗತ್ತಿಸಬೇಕೆಂದೂ ತಿಳಿಸಿದಿರಿ. ಆದ್ದರಿಂದ ನನ್ನ ಬೇಡಿಕೆ ಸರಳವಾಗಿದೆ. ಅತ್ತೆಯವರು ದಿನಾ ಸಂಜೆ ನಾಲ್ಕರಿಂದ ಐದರವರೆಗೆ, ಹಿತ್ತಲ ಕಟ್ಟೆಯ ಮೇಲೆ ಕೂತಿರುವಾಗ ಮಾತ್ರ, ತಮ್ಮ ಪ್ರಜೆಯಾಗಿರಲಿ. ಆ ಕಟ್ಟೆಯನ್ನು ಪೋಲೆಂಡಿಗೆ ಸೇರಿಸಿಕೊಳ್ಳಲು ನಮ್ಮ ಅಭ್ಯಂತರವಿಲ್ಲ. ಅದರ ಪಕ್ಕದ ಕರಿಬೇವಿನ ಗಿಡ ಮಾತ್ರ ನಮಗಿರಲಿ.

ಇದನ್ನು ಅತ್ತೆಯವರಿಗೆ ಓದಿ ಹೇಳಿದಾಗ ಅವರು ನಗಲಿಲ್ಲ. "ಪಾಸ್‌ಪೋರ್ಟ್ ಗೀಸ್‌ಪೋರ್ಟ್ ಏನೂ ಬ್ಯಾಡ ಅಂತ ಬರಿ. ನನ್ನ ಹೆಸ್ರು ಬೇಕಾದ್ರೆ ಒಡೆದಾಕ್ಲಿ. ಅಪ್ಪಂದು ಇರ್ಲಿ" ಎಂದರು. ಅಷ್ಟೇ ಅವರ ಪ್ರಾರ್ಥನೆ. ಉಳಿದ ಮಾತೆಲ್ಲ ನನ್ನದು.

ಮೊನ್ನೆ ನಮ್ಮಲ್ಲಿ ಹಿರಿಯರ ಹಬ್ಬ. ತೀರಿಕೊಂಡವರ ಹೆಸರು ಹೇಳಿ, ಅವರಿಗೆ ಇಷ್ಟವಾದದ್ದನ್ನು ಎಡೆ ಇಟ್ಟು, ಹೊಸ ಬಟ್ಟೆ ಇಡುವ ದಿನ. ಮಾವನವರ ಎಡೆಯ ಪಕ್ಕ ಈ ಸಲ ಅಪ್ಪನಿಗೆಂದು ಇನ್ನೊಂದು ಎಲೆ ಹಾಕಲು ಅತ್ತೆಯವರು ಹೇಳಿದರು. ಏನು ಬಡಿಸಲಿ ಎಂದಿದ್ದಕ್ಕೆ, ಬೇಯಿಸಿದ ಆಲೂಗೆಡ್ಡೆ, ಮೇಲೆ ಉಪ್ಪು, ಬೇರೇನೂ ಬೇಡವೆಂದರು. ನಾನು ಪಂಚೆ ತಂದಿಟ್ಟಿದ್ದೆ. ಅದನ್ನು ಎತ್ತಿ ಬದಿಗಿಟ್ಟು, ನನ್ನ ಯಜಮಾನರನ್ನು ಪೇಟೆಗೆ ಕಳಿಸಿ, ಒಂದು ದಪ್ಪ ಉಣ್ಣೆಯ ಸ್ವೆಟರ್ ತರಿಸಿ, ಎಲೆಯ ಮುಂದೆ ತೋಳು ಮಡಚಿ ಇಟ್ಟರು.

ತಮ್ಮ ಕಡತಕ್ಕೆ ಸೇರಿಸಲು ಇನ್ನು ಯಾವ ಲಗತ್ತೂ ಉಳಿದಿರದ,
ತಮ್ಮ ವಿಶ್ವಾಸಿ,
ಪ್ರೇಮಮ್ಮ

ಮರೆತ ಮಾತು: ತಮ್ಮ ತೀರ್ಮಾನದಲ್ಲಿ ಸ್ಟಾನಿಸ್ಲಾವ್ ಎಂಬ ಹೆಸರಿನ ಒಂದಕ್ಷರಕ್ಕೆ ತಮ್ಮ ಲಿಪಿಯಲ್ಲಿ ಇರಬೇಕಾದ ಅಡ್ಡಗೀಟು ಬಿಟ್ಟುಹೋಗಿದೆ. ಅತ್ತೆಯವರು ಗಮನಿಸಿಲ್ಲ, ಅಥವಾ ಗಮನಿಸಿಯೂ ಹೇಳಿಲ್ಲ. ದಯವಿಟ್ಟು ತಿದ್ದುಪಡಿ ದಯಪಾಲಿಸಬೇಡಿ. ಒಂದಕ್ಷರವಾದರೂ ತಪ್ಪಿದ್ದರೇನೇ ಅದು ಸರ್ಕಾರದ ಅಸಲಿ ಕಾಗದವೆಂದು ನಮ್ಮೂರಿನಲ್ಲಿ ಒಪ್ಪುತ್ತಾರೆ.