ಆಯುಷ್ಯ ತೀರಿದ ಟೈರುಗಳು

ಹಳೇ ಕಾರು ಇಟ್ಟುಕೊಂಡವನು ಅಂಜಿಕೆ ಹುಡುಕಿಕೊಂಡು ಸ್ಮಶಾನಕ್ಕೆ ಹೋಗಬೇಕಾಗಿಲ್ಲ. ಅದು ನಾಲ್ಕು ಗಾಲಿಯ ಮೇಲೆ ತಾನೇ ಮನೆಗೆ ಬರುತ್ತದೆ. ನನ್ನ ಮನೆಗೆ ಎಂಬತ್ತೈದನೇ ಇಸವಿಯಲ್ಲಿ ಬಂತು.

ನಾನಾಗ ಕುಂದಗೋಳದ ಹೈಸ್ಕೂಲಿನಲ್ಲಿ ಗಣಿತ ಮಾಸ್ತರ. ನವಲಗುಂದದ ನನ್ನ ಸೋದರಮಾವ ತೀರಿಕೊಂಡು ಮೂರು ವರ್ಷ ಆಗಿತ್ತು. ಅವರ ಬೂದು ಬಣ್ಣದ ಕಾರು ಅಂದಿನಿಂದ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಿಂತೇ ಇತ್ತು. ಅತ್ತಿ ಒಂದು ದಿನ ನನ್ನನ್ನು ಕರೆಸಿ, "ಆ ಗಾಡಿ ನೋಡಿದಾಗೊಮ್ಮೆ ಅವರು ಈಗ ಬಾಗಲಾ ತಗದು ಇಳೀತಾರೇನೋ ಅನಸ್ತೈತಿ. ನೀ ಒಯ್ದುಬಿಡಪಾ" ಅಂದರು. ಒಯ್ದೆ. ಅಂಜಿಕೆಯನ್ನೂ ಜೊತೆಗೇ ಒಯ್ಯುತ್ತಿದ್ದೇನೆ ಅಂತ ಗೊತ್ತಿರಲಿಲ್ಲ.

೧. ಬೆನ್ನ ಹಿಂದೆ ಓಡಿ ಬಂದದ್ದು

ಮೊದಲನೆಯ ವಾರವೇ ಸಂಶಿಯಲ್ಲಿ ಪರೀಕ್ಷೆ ಕೆಲಸ ಬಿತ್ತು. ಜೊತೆಗೆ ನಮ್ಮ ವಿಜ್ಞಾನದ ಮಾಸ್ತರು. ದೆವ್ವ ಭೂತ ಎಲ್ಲ ಸುಳ್ಳು ಅಂತ ದಿನಾ ಹುಡುಗರಿಗೆ ಹೇಳುವ ಮನುಷ್ಯ.

ಕೆಲಸ ಮುಗಿಸಿ ಹೊರಟಾಗ ಮಟಮಟ ಮಧ್ಯಾಹ್ನ. ಸುಗ್ಗಿ ಮುಗಿದ ಎರೆಹೊಲಗಳು ಎರಡೂ ಕಡೆ ಕಪ್ಪಗೆ ಬಿದ್ದಿದ್ದವು. ಕಣ್ಣು ಹರಿದಷ್ಟು ದೂರ ಒಂದು ನರಪಿಳ್ಳೆ ಇಲ್ಲ. ರಸ್ತೆಯ ತುದಿಯಲ್ಲಿ ಬಿಸಿಲು ನೀರಿನ ಹಾಗೆ ಅಲುಗಾಡುತ್ತಿತ್ತು.

ಪಟ್, ಪಟ್, ಪಟ್.

ಯಾರೋ ಬರಿಗಾಲಿನಲ್ಲಿ ಕಾರಿನ ಹಿಂದೆ ಓಡಿ ಬರುತ್ತಿದ್ದರು. ಕನ್ನಡಿಯಲ್ಲಿ ನೋಡಿದೆ. ಧೂಳು ಬಿಟ್ಟರೆ ಏನೂ ಇಲ್ಲ. ವೇಗ ಹೆಚ್ಚಿಸಿದೆ. ಅವನೂ ಹೆಚ್ಚಿಸಿದ. ಪಟಪಟಪಟ. ನಿಧಾನ ಮಾಡಿದೆ. ಅವನೂ ನಿಧಾನ ಮಾಡಿದ.

"ಸರ, ಯಾರೋ ಬರಾಕತ್ತಾರ" ಅಂದೆ.

"ಹೂಂ" ಅಂದರು.

"ಹೊಳ್ಳಿ ನೋಡ್ರಿ."

"ನಾ ಯಾಕ ನೋಡ್ಲಿ? ಗಾಡಿ ನಿಮ್ದು."

ಕಡೆಗೆ ಕಾರು ನಿಲ್ಲಿಸಿದೆ. ಹೆಜ್ಜೆ ಸಪ್ಪಳವೂ ನಿಂತಿತು, ಅಗದಿ ನನ್ನ ಕಿವಿಯ ಹಿಂದೆಯೇ. ಇಳಿದು ಹಿಂದೆ ಹೋಗುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಮಾವ ಯಾವಾಗಲೋ ಒಂದು ಸವೆದ ಟೈರಿಗೆ ಹೊಸ ರಬ್ಬರ್ ಪಟ್ಟಿ ಅಂಟಿಸಿ ತಂದಿದ್ದರು. ಆ ಪಟ್ಟಿ ಮೊಳದುದ್ದ ಕಿತ್ತು ಕಪ್ಪು ನಾಲಿಗೆಯ ಹಾಗೆ ಜೋತುಬಿದ್ದಿತ್ತು. ಗಾಲಿ ಸುತ್ತಿದಾಗೊಮ್ಮೆ ತಗಡಿಗೆ ಬಡಿಯುತ್ತಿದ್ದದ್ದು ಅದು.

ಒಳಗೆ ನೋಡಿದರೆ ವಿಜ್ಞಾನದ ಮಾಸ್ತರು ಕಣ್ಣು ಮುಚ್ಚಿ, ಕೈ ಮುಗಿದು ಏನೋ ಗುಣುಗುಣಿಸುತ್ತಿದ್ದರು. ವಿಷಯ ಹೇಳಿದೆ. ಪಟ್ಟನೆ ಕೈ ಬಿಟ್ಟರು.

"ದೆವ್ವ ಇಲ್ಲಂತ ನಾ ಮೊದಲಿಂದ ಹೇಳಕೋಂತನ ಬಂದೇನಿ."

"ಮತ್ತ ಕೈ ಮುಗದು ಏನ ಅನ್ನಾಕತ್ತಿದ್ರಿ?"

"ಅದನ್ನ ದೇವರಿಗೂ ಹೇಳಾಕತ್ತಿದ್ದೆ."

೨. ಮೂರು ಅಂಕಿ

ಮರುದಿನ ಕಾರನ್ನು ಬಸ್ ಸ್ಟ್ಯಾಂಡ್ ಹತ್ತಿರದ ಟೈರ್ ಮಿಸ್ತ್ರಿಯ ಹತ್ತಿರ ಒಯ್ದೆ. ಊರೆಲ್ಲ ಚಾಚಾ ಅಂತ ಕರೆಯುವ ಮುದುಕ. ಕೆಟ್ಟ ಸುದ್ದಿ ಹೇಳುವ ಡಾಕ್ಟರರ ಹಾಗೆ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದ.

ಉಳಿದ ಮೂರು ಟೈರುಗಳ ಗೆರೆಗಳು ಬೆರಳು ಹೂತುಹೋಗುವಷ್ಟು ಆಳ ಇದ್ದವು. "ಇವು ಹೊಸಾವಲ್ಲ ಚಾಚಾ?" ಅಂದೆ. ಚಾಚಾ ಕುಕ್ಕರಗಾಲಿನಲ್ಲಿ ಕುಳಿತು ಟೈರಿನ ಪಕ್ಕೆಯ ಮೇಲೆ ಹೆಬ್ಬೆರಳು ಒತ್ತಿದ. ಬೇಸಿಗೆಯ ಎರೆಭೂಮಿ ಬಿರಿದ ಹಾಗೆ ಸಣ್ಣ ಸಣ್ಣ ಬಿರುಕುಗಳು ಬಾಯಿ ತೆರೆದವು.

"ಮ್ಯಾಲಿನ ಗೆರಿ ನೋಡಬ್ಯಾಡ್ರಿ ಸರ, ಪಕ್ಕಡಿ ನೋಡ್ರಿ. ರಬ್ಬರ್ ಓಡಿದ್ರ ಸವೀತೈತಿ, ನಿಂತ್ರ ಮುಪ್ಪಾಗ್ತೈತಿ. ಇದು ಸತ್ತೈತ್ರಿ. ನೀವು ಸತ್ತದ್ದರ ಮ್ಯಾಲೆ ಕುಂತು ತಿರುಗಾಕತ್ತೀರಿ."

ನನಗೆ ಸಿಟ್ಟು ಬಂತು. "ಸತ್ತೈತಿ ಅನ್ನಾಕ ಹುಟ್ಟಿದ್ದು ಯಾವಾಗ ಅಂತ ಗೊತ್ತೈತೇನು?"

ಚಾಚಾ ಸೀಮೆಎಣ್ಣೆ ಬಟ್ಟೆಯಿಂದ ಒಂದು ಜಾಗ ಒರೆಸಿದ. ರಬ್ಬರಿನೊಳಗಿಂದ ಮೂರು ಅಂಕಿ ಮೆಲ್ಲಗೆ ಮೇಲೆದ್ದು ಬಂದವು: ಎರಡು, ಒಂದು, ನಾಲ್ಕು.

"ಮೊದಲಿನ ಎರಡು ಯಾವ ವಾರ ಅಂತ. ಕಡೀದು ಯಾವ ವರ್ಷ ಅಂತ."

"ನಾಲ್ಕು ಅಂದ್ರ ಎಂಬತ್ನಾಲ್ಕು! ಹೋದ ವರ್ಷದ್ದು. ಇನ್ನೂ ಕೂಸು" ಅಂದೆ.

"ಎಪ್ಪತ್ನಾಲ್ಕಕ್ಕೂ ಕಡೀಗೆ ನಾಲ್ಕ ಬರ್ತೈತ್ರಿ."

"ಗಣಿತ ಕಲಸಾಂವ ನಾನು. ಎಂಬತ್ನಾಲ್ಕನ."

ಚಾಚಾ ಬಟ್ಟೆ ಮಡಚಿಟ್ಟ. "ನಿಮ್ಮ ಮಾವನವರು ತೀರ್ಕೊಂಡಿದ್ದು ಯಾವಾಗ್ರಿ?"

"ಎಂಬತ್ತೆರಡರಾಗ."

ಚಾಚಾ ಸ್ವಲ್ಪ ಹೊತ್ತು ಖಾಲಿ ಸೀಟಿನ ಕಡೆ ನೋಡಿದ. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ ಹೇಳಿದ: "ಹಂಗಾದ್ರ ತೀರ್ಕೊಂಡು ಎರಡು ವರ್ಷಕ್ಕ ಎದ್ದು ಬಂದು ಟೈರ್ ಹಾಕಿಸ್ಯಾರ ಅನ್ರಿ."

೩. ಮರ್ಯಾದಸ್ಥ ದೆವ್ವ

ನಾಲ್ಕೂ ಟೈರು ಬದಲಿಸಿದೆ. ಡಿಕ್ಕಿಯೊಳಗಿದ್ದ ಸ್ಟೆಪ್ನಿ ಮಾತ್ರ ಬಿಟ್ಟೆ. ಅದೂ ಮಾವನ ಕಾಲದ್ದೇ, ಆದರೆ ಒಮ್ಮೆಯೂ ನೆಲ ಮುಟ್ಟಿರಲಿಲ್ಲ. "ಅದಕ್ಕೂ ವಯಸ್ಸಾಗೈತ್ರಿ" ಅಂತ ಚಾಚಾ ಹೇಳಿದ. ಕೇಳಲಿಲ್ಲ.

ಮುಂದಿನ ತಿಂಗಳು ತಂಗಿಯ ಕೂಸಿನ ಹೆಸರಿಡುವ ಕಾರ್ಯಕ್ರಮಕ್ಕೆ ತೊಟ್ಟಿಲು ತರಲು ಕಲಘಟಗಿಗೆ ಹೋದೆ. ಕೆಂಪು ಹಳದಿ ಬಣ್ಣ ಬರೆದ ಚೆಂದದ ತೊಟ್ಟಿಲು. ಅದರ ಚೌಕಟ್ಟನ್ನು ಕಾರಿನ ನೆತ್ತಿಗೆ ಹಗ್ಗದಿಂದ ಬಿಗಿದೆ. ಬರುವಾಗ ಕಾಡಿನಂಚಿನ ರಸ್ತೆಯಲ್ಲಿ ಮುಂದಿನ ಗಾಲಿ ಪಂಕ್ಚರ್ ಆಯಿತು. ಸಂಜೆಯಾಗುತ್ತಿತ್ತು. ಗಾಳಿ ಇಲ್ಲ, ಹಕ್ಕಿಯ ದನಿಯೂ ಇಲ್ಲ.

ಜಾಕು ಮಣ್ಣಿನಲ್ಲಿ ಕುಸಿಯುತ್ತಿತ್ತು. ನಾನು ಕಾರಿನ ಅಡಿಗೆ ತೆವಳಿ ಅದಕ್ಕೊಂದು ಕಲ್ಲು ಕೊಡುತ್ತಿದ್ದೆ. ಅಷ್ಟರಲ್ಲಿ ನಾಲ್ಕು ಜೊತೆ ಕಾಲುಗಳು ಬಂದು ನಿಂತವು. ಕಟ್ಟಿಗೆ ಹೊರೆ ಹೊತ್ತ ಹೆಣ್ಣುಮಕ್ಕಳು. ಅವರಿಗೆ ಕಂಡದ್ದು ಏನು ಅಂತ ನನಗೆ ಆಮೇಲೆ ಹೊಳೆಯಿತು. ಮನುಷ್ಯರಿಲ್ಲದ ಕಾರು, ಅದರ ನೆತ್ತಿಯ ಮೇಲೆ ತನ್ನಷ್ಟಕ್ಕೆ ತಾನು ಕಿರ್ರ್ ಕಿರ್ರ್ ತೂಗುವ ಖಾಲಿ ತೊಟ್ಟಿಲು. ಜಾಕಿನ ಮೇಲೆ ಕಾರು ಅಲುಗಾಡಿದ ಹಾಗೆ ಅದೂ ಅಲುಗಾಡುತ್ತಿತ್ತು.

ನನಗೆ ಸಹಾಯ ಬೇಕಾಗಿತ್ತು. ಗ್ರೀಸು ಮೆತ್ತಿದ ಕರಿ ಕೈಯನ್ನು ಹೊರಗೆ ಚಾಚಿ, ಆದಷ್ಟು ಮೃದುವಾಗಿ ಕರೆದೆ: "ಅಕ್ಕಾರ, ಸ್ವಲ್ಪ ಕೈ ಹಚ್ಚರಿ..."

ನಾಲ್ಕೂ ಹೊರೆಗಳು ಒಮ್ಮೆಲೇ ಬಿದ್ದವು. ಚೀರಿದ ದನಿ ದೂರ ದೂರ ಹೋಗಿ ಕಾಡಿನಲ್ಲಿ ಕರಗಿತು. ಒಬ್ಬನೇ ಹೇಗೋ ಸ್ಟೆಪ್ನಿ ಹಾಕಿಕೊಂಡು ಮನೆ ಮುಟ್ಟಿದೆ.

ಹದಿನೈದು ದಿನದ ನಂತರ ಕಲಘಟಗಿ ಕಡೆಯ ಒಬ್ಬ ಮಾಸ್ತರು ಸ್ಟಾಫ್ ರೂಮಿನಲ್ಲಿ ಹೇಳಿದರು: "ಆ ದಾರೀಲೆ ಹೊತ್ತ ಮುಳುಗೂ ಮುಂದ ಹೋಗಬ್ಯಾಡ್ರಿ. ನೆಲದಾಗಿಂದ ಕರೀ ಕೈ ಬರ್ತೈತಂತ. ಆದ್ರ ಅಕ್ಕಾರ ಅಂತ ಕರೀತೈತಂತ್ರಿ. ಒಳ್ಳೇ ಮನಿತನದ ದೆವ್ವ ಇರಬೇಕು."

೪. ದೊಡ್ಡಪ್ಪ ಅಳ್ಳಾಡಿದ್ದು

ಆ ಸ್ಟೆಪ್ನಿಯನ್ನು ನಾನು ಬಿಚ್ಚಲೇ ಇಲ್ಲ. ಪಂಕ್ಚರ್ ಆದದ್ದನ್ನು ತಿದ್ದಿಸಿ ಹಾಕಿದರಾಯಿತು ಅನ್ನುತ್ತ ಮೇ ತಿಂಗಳು ಬಂತು. ಆಗಲೇ ಅಣ್ಣಿಗೇರಿಯಿಂದ ಸುದ್ದಿ: ನನ್ನ ಹೆಂಡತಿಯ ದೊಡ್ಡಪ್ಪ ತೀರಿಕೊಂಡರು.

ಹೋದೆವು. ಕಾರನ್ನು ಪಡಸಾಲೆಯ ಕಿಟಕಿಯ ಪಕ್ಕ ಬಿಸಿಲಿನಲ್ಲೇ ನಿಲ್ಲಿಸಿದೆ. ಒಳಗೆ ದೊಡ್ಡಪ್ಪನನ್ನು ಅವರ ಪದ್ಧತಿಯಂತೆ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಹೂವು. ಕಣ್ಣು ಅರ್ಧ ಮುಚ್ಚಿದ್ದವು, ಬಂದವರನ್ನು ಎಣಿಸುತ್ತಿದ್ದಾರೆ ಅನ್ನುವ ಹಾಗೆ. ಬಾಜೂಕೆ ದೊಡ್ಡವ್ವ ಅವರ ಕೈ ಹಿಡಿದು ಕುಳಿತಿದ್ದಳು. ದೊಡ್ಡಪ್ಪನ ತಮ್ಮನ ಮಗನೊಬ್ಬ ಎದೆ ಬಡಿದುಕೊಂಡು, "ದೊಡ್ಡಪ್ಪಾ, ನನ್ನನ್ನೂ ಕರಕೊಂಡು ಹೋಗೋ!" ಅಂತ ಅಳುತ್ತಿದ್ದ. ಭಜನೆಯವರು ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಲ್ಲಿಸಿದರು. ಊದುಬತ್ತಿಯ ಹೊಗೆ ನೆಟ್ಟಗೆ ನಿಂತಿತ್ತು.

ಢಮ್!

ಕಿಟಕಿ ನಡುಗಿತು. ಗೋಡೆಯಿಂದ ಮಣ್ಣು ಉದುರಿತು. ಆ ಮಣ್ಣಿನ ನಡುವೆ ದೊಡ್ಡಪ್ಪನ ತಲೆ ಮೆಲ್ಲಗೆ, ಭಾಳ ಮೆಲ್ಲಗೆ, ಬಾಗಿಲ ಕಡೆ ಹೊರಳಿತು.

ಪಡಸಾಲೆ ಖಾಲಿಯಾಗಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ತಾಳ ಒಂದು ಕಡೆ, ತಂಬೂರಿ ಒಂದು ಕಡೆ. ಎಲ್ಲರಿಗಿಂತ ಮೊದಲು ಹೊಸ್ತಿಲು ಹಾರಿದವನು ನನ್ನನ್ನೂ ಕರೆದುಕೊಂಡು ಹೋಗು ಅಂದವನೇ. ನನ್ನ ಕಾಲು ಏಳಲಿಲ್ಲ, ಅದಕ್ಕೇ ಉಳಿದೆ. ಕಿಟಕಿಯಿಂದ ನೋಡಿದೆ. ನಿಂತಲ್ಲೇ ನಿಂತಿದ್ದ ಕಾರಿನ ಸ್ಟೆಪ್ನಿ ಪಕ್ಕೆ ಸೀಳಿಕೊಂಡು ಬಾಯಿಬಿಟ್ಟಿತ್ತು.

"ಟೈರ್ ಒಡೀತು ದೊಡ್ಡವ್ವಾ" ಅಂದೆ. "ತಪ್ಪು ನಂದು. ಹಳೇದಿತ್ತು. ಬದಲ ಮಾಡಬೇಕಾಗಿತ್ತು."

ದೊಡ್ಡವ್ವ ಜಾಗ ಬಿಟ್ಟು ಕದಲಿರಲಿಲ್ಲ. ಗಂಡನ ತಲೆಯನ್ನು ಎರಡೂ ಕೈಯಿಂದ ನೆಟ್ಟಗೆ ಮಾಡಿದಳು, ಹಣೆಯ ಮೇಲೆ ಬಿದ್ದ ಮಣ್ಣು ಸೆರಗಿನಿಂದ ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣು ತುಂಬ ನೀರು, ಆದರೆ ತುಟಿ ಬೇರೆಯೇ ಏನೋ ಮಾಡುತ್ತಿತ್ತು.

"ಇರಲಿ ಬಿಡಪಾ. ನಲವತ್ತು ವರ್ಷ ಬಾಳೇವು ಮಾಡೀನಿ. ಹಿತ್ತಲ ಗ್ವಾಡಿ ಕುಸಿದು ಬಿದ್ದಾಗ ಸುದ್ದಾ ಕುಂತ ಜಾಗಾದಾಗಿಂದ ಅಳ್ಳಾಡಲಿಲ್ಲ ಈ ಮನುಷ್ಯಾ. ಇವತ್ತ ಒಂದ ಸಪ್ಪಳಕ್ಕರ ಹೊಳ್ಳಿ ನೋಡ್ಯಾನಲ್ಲ!"